ಬುತ್ತಿಯ ಬುಟ್ಟಿ ಮತ್ತು ಹೆಣೆದವರ ಹೆಸರು: ಜಪಾನಿನ ಬಿದಿರ ಆಹಾರಬುಟ್ಟಿಗಳ ಅಧ್ಯಯನ ಕ್ರಮಗಳನ್ನು ಕುರಿತು

ಜಾನಪದ ಅಧ್ಯಯನದಲ್ಲಿ ಮೌಖಿಕ ಸಾಹಿತ್ಯಕ್ಕೆ ದೊರೆತಷ್ಟು ಮನ್ನಣೆ ಭೌತಿಕ ಸಂಸ್ಕೃತಿಗೆ ದೊರೆತಿಲ್ಲವೆಂಬುದು ವಿದ್ವಾಂಸರು ಮೇಲಿಂದ ಮೇಲೆ ಹೇಳುತ್ತ ಬಂದಿರುವ ಮಾತು. ಭೌತಿಕ ಸಂಸ್ಕೃತಿಯ ಒಳಗೂ ಒಂದು ಶ್ರೇಣೀಕರಣವಿದೆ. ಮುಖವಾಡ, ಆಭರಣ, ಕಂಚಿನ ಪ್ರತಿಮೆ, ಕಸೂತಿಗಳು ಮೇಲಿನ ಸಾಲಿನಲ್ಲಿದ್ದರೆ ಬುಟ್ಟಿ, ಮೊರ, ಚಾಪೆಗಳು ಕೆಳಗಿನ ಸಾಲಿನಲ್ಲಿವೆ. ಬುಟ್ಟಿ ಅಗ್ಗದ ವಸ್ತು. ಅದು ಹರಿದರೆ ಒಲೆಗೆ ಹೋಗುತ್ತದೆ, ಹಳೆಯದಾಗುವ ಮೊದಲೇ ಇಲ್ಲವಾಗುತ್ತದೆ. ಹೀಗಾಗಿ ಅದನ್ನು ಕುರಿತ ಅಧ್ಯಯನಗಳೂ ವಿರಳ.

ಈ ದೃಷ್ಟಿಯಿಂದ ಜಪಾನಿನ ಉದಾಹರಣೆ ಗಮನಾರ್ಹವಾದುದು. ಬಿದಿರ ಬುಟ್ಟಿಯನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಆ ದೇಶದಲ್ಲಿ ನಡೆದಷ್ಟು ಗಂಭೀರ ಚರ್ಚೆ ಬೇರೆಡೆ ನಡೆದದ್ದು ಕಡಿಮೆ. ಅಲ್ಲಿ ಬುಟ್ಟಿಗೆ ಒಂದು ಸೌಂದರ್ಯಮೀಮಾಂಸೆ ಇದೆ, ವಸ್ತುಸಂಗ್ರಹಾಲಯಗಳಿವೆ, ಕಾನೂನಿನ ರಕ್ಷಣೆಯಿದೆ. ಆದರೂ ಆಹಾರವನ್ನು ಹೊತ್ತೊಯ್ಯಲು, ಕಾಪಿಡಲು ಹೆಣೆದ ಸಾಮಾನ್ಯ ಬುಟ್ಟಿಗಳು ಈ ಎಲ್ಲ ಚೌಕಟ್ಟುಗಳ ಸಂದಿಯಿಂದ ಜಾರಿಹೋಗಿವೆ ಎಂಬುದು ಪ್ರಸ್ತುತ ಪ್ರಬಂಧದ ನಿಲುವು. ಹಾಗೆ ಜಾರಿದ್ದೇಕೆ, ಅದರಿಂದ ಜಾನಪದ ವಿದ್ವಾಂಸರು ಕಲಿಯಬೇಕಾದದ್ದೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ. ಇದು ಕ್ಷೇತ್ರಕಾರ್ಯದ ವರದಿಯಲ್ಲ, ಪ್ರಕಟಿತ ವಿಚಾರಗಳ ವಿಮರ್ಶೆ. ಜಪಾನೀ ಹೆಸರುಗಳಲ್ಲಿ ಅಲ್ಲಿನ ರೂಢಿಯಂತೆ ಮನೆತನದ ಹೆಸರು ಮೊದಲು ಬಂದಿದೆ.

ವಸ್ತು, ವಿನ್ಯಾಸ, ಬಳಕೆ

ಜಪಾನೀ ಭಾಷೆಯಲ್ಲಿ ಬುಟ್ಟಿಗೆ 'ಕಾಗೊ' ಎಂದೂ, ನೀರು ಬಸಿಯುವ ತಟ್ಟೆಯಂಥ ಹೆಣಿಗೆಗೆ 'ಜಾರು' ಎಂದೂ ಹೆಸರು. ಬೇಯಿಸಿದ ಅನ್ನವನ್ನು ಬೇಸಿಗೆಯಲ್ಲಿ ಕೆಡದಂತೆ ಇಡುವ ಮುಚ್ಚಳದ ಬುಟ್ಟಿ 'ಮೆಶಿಕಾಗೊ', ಎಂದರೆ ಅನ್ನದ ಬುಟ್ಟಿ. ಇದನ್ನು ಗಾಳಿಯಾಡುವ ಕಡೆ, ಸೂರಿನ ಕೆಳಗೆ ತೂಗುಹಾಕುತ್ತಿದ್ದರು. ನಮ್ಮ ಹಳ್ಳಿಮನೆಗಳ ನೆಲುವನ್ನು ಬಲ್ಲವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಾಗಿಲ್ಲ. ಹೊಲಕ್ಕೆ, ಕಾಡಿಗೆ, ಪ್ರಯಾಣಕ್ಕೆ ಒಯ್ಯುವ ಬುತ್ತಿಯ ಬುಟ್ಟಿ 'ಬೆಂಟೊ ಕಾಗೊ'. ಕಾಯಿಪಲ್ಯ, ಅಣಬೆ, ಹಣ್ಣುಗಳನ್ನು ಬೆನ್ನ ಮೇಲೆ ಹೊರುವ ದೊಡ್ಡ ಬುಟ್ಟಿ 'ಶೊಯಿಕಾಗೊ'. ಮೀನುಗಾರರ ಸೊಂಟದ ಬುಟ್ಟಿ, ಸೋಬಾ ಶ್ಯಾವಿಗೆ ಬಡಿಸುವ ತಟ್ಟೆ ಮುಂತಾದ ಪ್ರಭೇದಗಳೂ ಉಂಟು.

ಪ್ರದೇಶಕ್ಕೆ ತಕ್ಕಂತೆ ಬಿದಿರೂ ಬೇರೆಯಾಗುತ್ತದೆ. ಕ್ಯೂಶು ದ್ವೀಪದ ಓಯಿತಾ ಪ್ರಾಂತದಲ್ಲಿ 'ಮದಾಕೆ' ಎಂಬ ದೊಡ್ಡ ಬಿದಿರು ಮುಖ್ಯ. ನಾಗಾನೊ ಪ್ರಾಂತದ ತೊಗಾಕುಶಿಯಲ್ಲಿ 'ನೆಮಗಾರಿದಾಕೆ' ಎಂಬ, ಬುಡ ಬಾಗಿ ಬೆಳೆಯುವ ಸಣ್ಣ ಬಿದಿರು ಬಳಕೆಯಲ್ಲಿದೆ. ಈಶಾನ್ಯದ ಇವಾತೆ ಪ್ರಾಂತದ ಇಚಿನೊಹೆ ಪಟ್ಟಣಕ್ಕೆ ಸೇರಿದ ತೊರಿಗೊಯೆ ಊರಿನಲ್ಲಿ 'ಸುಜುತಾಕೆ' ಎಂಬ ಕಡ್ಡಿಯಷ್ಟು ತೆಳುವಾದ ಬಿದಿರಿನಿಂದ ಬುಟ್ಟಿ, ಜರಡಿ, ಮುಚ್ಚಳವುಳ್ಳ ಬುತ್ತಿಪೆಟ್ಟಿಗೆಗಳನ್ನು ಹೆಣೆಯುತ್ತ ಬಂದಿದ್ದಾರೆ. ಹಿಮ ಬಿದ್ದು ಬೇಸಾಯ ನಿಂತ ತಿಂಗಳುಗಳಲ್ಲಿ ರೈತ ಕುಟುಂಬಗಳು ಮಾಡುತ್ತಿದ್ದ ಕಸುಬಿದು.

ಹೆಣಿಗೆಯ ವಿಧಗಳಿಗೆ ಖಚಿತವಾದ ಹೆಸರುಗಳಿವೆ. ಚೌಕಕಣ್ಣಿನದು 'ಯೊತ್ಸುಮೆ', ಆರು ಮೂಲೆಯ ಕಣ್ಣಿನದು 'ಮುತ್ಸುಮೆ', ಎಂಟು ಮೂಲೆಯದು 'ಯತ್ಸುಮೆ'. ಒತ್ತೊತ್ತಾಗಿ ಓರೆಗೆರೆಯಲ್ಲಿ ಮುಚ್ಚಿಕೊಳ್ಳುವ ಹೆಣಿಗೆ 'ಅಜಿರೊ', ಚಾಪೆಯ ರೀತಿಯದು 'ಗೊಜಾಮೆ', ಸೇವಂತಿಗೆ ಹೂವಿನಂತೆ ನಡುವಿನಿಂದ ಹರಡುವ ತಳದ ಹೆಣಿಗೆ 'ಕಿಕುಜೊಕೊ'. ಯಾವ ಬುಟ್ಟಿಗೆ ಯಾವ ಹೆಣಿಗೆ ಎಂಬುದನ್ನು ನಿರ್ಧರಿಸುವುದು ಅದರೊಳಗೆ ಹೋಗುವ ಆಹಾರ. ಮಣ್ಣು ಉದುರಬೇಕಾದ ಗೆಡ್ಡೆಗಳಿಗೆ ಕಣ್ಣು ದೊಡ್ಡದಿರಬೇಕು. ಅನ್ನದ ಉಂಡೆಗೆ ಕಣ್ಣು ಮುಚ್ಚಿರಬೇಕು, ಆದರೆ ಹಬೆ ಹೊರಗೆ ಹೋಗಬೇಕು. ಬಿಸಿ ಅನ್ನವನ್ನು ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿದರೆ ಹಬೆ ನೀರಾಗಿ ಇಳಿದು ಅನ್ನ ಹಳಸುತ್ತದೆ. ಅಜಿರೊ ಹೆಣಿಗೆಯ ಬಿದಿರು ಹಬೆಯನ್ನು ಬಿಟ್ಟುಕೊಡುತ್ತದೆ, ಅಗುಳನ್ನು ಬಿಡುವುದಿಲ್ಲ. ಅನ್ನಕ್ಕೆ ತಾಗುವ ಒಳಮೈ ನುಣುಪಾಗಿರಬೇಕು, ಸಿಬಿರು ಏಳಬಾರದು. ಆದ್ದರಿಂದ ದಬ್ಬೆಯ ಅಂಚನ್ನು ಹೆರೆದು ಒಂದೇ ಅಗಲಕ್ಕೆ ತರುವ ಕೆಲಸ ಹೆಣೆಯುವ ಕೆಲಸದಷ್ಟೇ ಮುಖ್ಯವಾದುದು. ಬಿದಿರು ಕಡಿಯುವ ಕಾಲವೂ ನಿಯತವಾದುದು. ಕಾಂಡದಲ್ಲಿ ರಸ ಇಳಿದಿರುವ ಶರತ್ಕಾಲ ಮತ್ತು ಚಳಿಗಾಲಗಳಲ್ಲಿ ಕಡಿದದ್ದಕ್ಕೆ ಹುಳು ಬೀಳುವುದು ಕಡಿಮೆ.

ಈ ವಿವರಗಳನ್ನು ಇಲ್ಲಿ ಕೊಡಲು ಕಾರಣವಿದೆ. ಬುಟ್ಟಿಯ ರೂಪವನ್ನು ಆಹಾರದಿಂದ ಬೇರ್ಪಡಿಸಿ ನೋಡಿದಾಗ ಉಳಿಯುವುದು ವಿನ್ಯಾಸ ಮಾತ್ರ. ಆ ವಿನ್ಯಾಸ ಅಲ್ಲಿ ಏಕಿದೆ ಎಂಬ ಪ್ರಶ್ನೆಗೆ ಆಗ ಉತ್ತರವಿಲ್ಲ.

ನಂಬಿಕೆಯ ನೆಲೆ

ಬುಟ್ಟಿಯ ಪ್ರಾಚೀನತೆಯ ಬಗ್ಗೆ ಪುರಾತತ್ವ ಖಚಿತ ಸಾಕ್ಷ್ಯ ಒದಗಿಸುತ್ತದೆ. ಸಾಗಾ ಪ್ರಾಂತದ ಹಿಗಾಶಿಮ್ಯೊ ನೆಲೆಯಲ್ಲಿ ಸುಮಾರು 8000 ವರ್ಷ ಹಿಂದಿನ 700ಕ್ಕೂ ಹೆಚ್ಚು ಹೆಣೆದ ಬುಟ್ಟಿಗಳು ದೊರೆತಿವೆ. ಕಾಡುಕಾಯಿಗಳನ್ನು ಹೊಂಡಗಳಲ್ಲಿ ಕಾಪಿಡಲು ಬಳಸಿದವು ಅವು. ಅಒಮೊರಿಯ ಸನ್ನಾಯ್ ಮರುಯಾಮಾ ನೆಲೆಯ ಪುಟ್ಟ ಬುಟ್ಟಿಯೊಳಗೆ ಆಕ್ರೋಟಿನ ಚಿಪ್ಪು ಇತ್ತು. ಇವು ಬಿದಿರಿನವಲ್ಲ, ಮರದ ಸೀಳು, ತೊಗಟೆ, ಬಳ್ಳಿಗಳವು. ಆದರೆ ಆ ನೆಲದಲ್ಲಿ ಬುಟ್ಟಿಗೂ ಆಹಾರಕ್ಕೂ ಇರುವ ನಂಟು ಬೇಸಾಯಕ್ಕಿಂತಲೂ ಹಳೆಯದೆಂಬುದನ್ನು ಇವು ತೋರಿಸುತ್ತವೆ.

ಜಪಾನಿನ ಅತಿ ಹಳೆಯ ಗದ್ಯಕಥೆಯೆಂದು ಪರಿಗಣಿತವಾದ 'ತಾಕೆತೊರಿ ಮೊನೊಗತಾರಿ'ಯ ನಾಯಕಿಯನ್ನು ಸಾಕುವವನು ಬಿದಿರು ಕಡಿದು ಸಾಮಾನು ಮಾಡಿ ಜೀವಿಸುವ ಮುದುಕ. ಬಿದಿರಿನೊಳಗೆ ಸಿಕ್ಕ ಬೆರಳುದ್ದದ ಮಗುವನ್ನು ದಂಪತಿಗಳು ಬುಟ್ಟಿಯಲ್ಲಿಟ್ಟು ಬೆಳೆಸುತ್ತಾರೆ. ಮುಂದೆ ಅರಸು ಮನೆತನದವರೆಲ್ಲ ಬಯಸುವ ಆ ಹುಡುಗಿಯ ಮೊದಲ ತೊಟ್ಟಿಲು ಬಡವನ ಬುಟ್ಟಿ ಎಂಬುದನ್ನು ಕಥೆ ಒತ್ತಿ ಹೇಳುವುದಿಲ್ಲ, ಆದರೆ ಮರೆಯುವುದೂ ಇಲ್ಲ.

ಪೂರ್ವ ಜಪಾನಿನ 'ಕೊತೊಯೋಕಾ' ಆಚರಣೆ ಇನ್ನೊಂದು ಉದಾಹರಣೆ. ಎರಡನೆಯ ತಿಂಗಳ ಮತ್ತು ಹನ್ನೆರಡನೆಯ ತಿಂಗಳ ಎಂಟನೆಯ ದಿನ ಒಕ್ಕಣ್ಣಿನ ಪೀಡೆಯೊಂದು ಊರಿಗೆ ಬರುತ್ತದೆಂಬ ನಂಬಿಕೆಯಿಂದ ದೊಡ್ಡ ಕಣ್ಣಿನ ಬುಟ್ಟಿಯನ್ನು ಕೋಲಿಗೆ ಸಿಕ್ಕಿಸಿ ಮನೆಯ ಮುಂದೆ ಎತ್ತಿ ನಿಲ್ಲಿಸುತ್ತಿದ್ದರು. ತನಗೊಂದೇ ಕಣ್ಣು, ಬುಟ್ಟಿಗೆ ನೂರು ಕಣ್ಣು ಎಂದು ಪೀಡೆ ಹೆದರಿ ಹಿಂದಿರುಗುವುದೆಂಬುದು ವಿವರಣೆ. ಜಪಾನಿಯಲ್ಲಿ 'ಮೆ' ಎಂದರೆ ನೋಡುವ ಕಣ್ಣೂ ಹೌದು, ಹೆಣಿಗೆಯ ರಂಧ್ರವೂ ಹೌದು. ಕನ್ನಡದಲ್ಲಿಯೂ ನಾವು ಬಲೆಯ ಕಣ್ಣು, ಜರಡಿಯ ಕಣ್ಣು ಎನ್ನುತ್ತೇವೆ. ಎರಡು ಭಾಷೆಗಳೂ ಸ್ವತಂತ್ರವಾಗಿ ಒಂದೇ ರೂಪಕವನ್ನು ಕಂಡುಕೊಂಡಿವೆ. ಜಪಾನಿನಲ್ಲಿ ಅದು ಆಚರಣೆಯಾಗಿಯೂ ಬೆಳೆದಿದೆ. ದಿನವೂ ಕಾಯಿಪಲ್ಯ ಹೊರುವ ಬುಟ್ಟಿಯೇ ವರ್ಷಕ್ಕೆರಡು ದಿನ ಮನೆಯ ಕಾವಲುಗಾರನಾಗುತ್ತಿತ್ತೆಂಬುದು ಮುಖ್ಯ. ಆ ಕೆಲಸಕ್ಕೆಂದು ಬೇರೆ ಬುಟ್ಟಿ ಬೇಕಾಗಿರಲಿಲ್ಲ.

ಮೂರು ನೋಟಗಳು

ಇಪ್ಪತ್ತನೆಯ ಶತಮಾನದ ಜಪಾನಿನಲ್ಲಿ ಬುಟ್ಟಿಯನ್ನು ನೋಡುವ ಮೂರು ಕ್ರಮಗಳು ರೂಪುಗೊಂಡವು. ಮೊದಲನೆಯದು ಯಾನಗಿ ಮುನೆಯೋಶಿ (1889–1961) ಮತ್ತು ಸಂಗಡಿಗರದು. ಸೋಯೆತ್ಸು ಎಂದೂ ಪರಿಚಿತನಾದ ಈತ ಕುಂಬಾರ ಕಲಾವಿದರಾದ ಹಮಾದಾ ಶೋಜಿ, ಕವಾಯ್ ಕಾಂಜಿರೊ ಅವರೊಡನೆ 1925ರಲ್ಲಿ 'ಮಿಂಗೇಯ್' ಎಂಬ ಪದವನ್ನು ಟಂಕಿಸಿದ. ಜನಸಾಮಾನ್ಯರ ಕರಕೌಶಲವೆಂಬುದು ಅದರ ಅರ್ಥ. 1936ರಲ್ಲಿ ಟೋಕಿಯೋದಲ್ಲಿ ಜಪಾನ್ ಜನಕಲಾ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಬಳಕೆಗಾಗಿ, ಅಗ್ಗದ ಬೆಲೆಗೆ, ಹೆಸರಿಲ್ಲದ ಕೈಗಳು ಮಾಡಿದ ವಸ್ತುವಿನಲ್ಲೇ ಆರೋಗ್ಯಕರ ಸೌಂದರ್ಯವಿದೆ ಎಂಬುದು ಯಾನಗಿಯ ಪ್ರತಿಪಾದನೆ. ಕುಶಲಕರ್ಮಿ ತನ್ನ 'ನಾನು' ಎಂಬುದನ್ನು ಮರೆತಾಗ ಅನ್ಯಶಕ್ತಿಯ ಕೃಪೆಯಿಂದ ಸೌಂದರ್ಯ ಒದಗುತ್ತದೆಂಬ ಈ ವಿವರಣೆಗೆ ಬೌದ್ಧರ ಸುಖಾವತೀ ಪಂಥದ ತತ್ವ ಹಿನ್ನೆಲೆಯಾಗಿದೆ. ಆತನ ಬರಹಗಳು 1972ರಲ್ಲಿ ಇಂಗ್ಲಿಷಿಗೆ ಬಂದಾಗ ಗ್ರಂಥದ ಹೆಸರೇ 'ಅಜ್ಞಾತ ಕುಶಲಕರ್ಮಿ' ಎಂಬರ್ಥದ್ದಾಗಿತ್ತು.

ಎರಡನೆಯದು ಜಾನಪದ ವಿದ್ವಾಂಸರ ನೋಟ. ಜಪಾನೀ ಜಾನಪದ ಅಧ್ಯಯನದ ಪಿತಾಮಹ ಯಾನಗಿತಾ ಕುನಿಯೋ (1875–1962) ವಸ್ತುಗಳಿಗಿಂತ ಮಾತು ಮತ್ತು ನಂಬಿಕೆಗಳತ್ತ ಹೆಚ್ಚು ಒಲಿದವನು. ಬಳಕೆಯ ವಸ್ತುಗಳನ್ನು 'ಮಿಂಗು' ಎಂದು ಕರೆದು ವರ್ಗೀಕರಿಸಿ ಸಂಗ್ರಹಿಸುವ ಕ್ರಮವನ್ನು ಬೆಳೆಸಿದವನು ಶಿಬುಸಾವಾ ಕೇಯ್ಜೊ (1896–1963). ಆತನ ಸಂಗ್ರಹ ಮುಂದೆ ಒಸಾಕಾದ ರಾಷ್ಟ್ರೀಯ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯವನ್ನು ಸೇರಿತು. 1940ರಲ್ಲಿ ಯಾನಗಿ ಮತ್ತು ಯಾನಗಿತಾ ಮುಖಾಮುಖಿ ಚರ್ಚೆ ನಡೆಸಿದಾಗ ಎರಡು ಶಿಸ್ತುಗಳ ಅಂತರ ಸ್ಪಷ್ಟವಾಯಿತು. ಜಾನಪದ ಅಧ್ಯಯನ ಇದ್ದುದನ್ನು ಇದ್ದಂತೆ ನಿರೂಪಿಸುವ ಶಿಸ್ತು, ಮಿಂಗೇಯ್ ಹೇಗಿರಬೇಕೆಂದು ಹೇಳುವ ಶಿಸ್ತು ಎಂಬುದು ಆ ಚರ್ಚೆಯ ಸಾರ.

ಮೂರನೆಯದು ಕಲಾಲೋಕದ ನೋಟ. ಇದರ ಬೇರು ಚಹಾ ಸಂಪ್ರದಾಯದಲ್ಲಿದೆ. ಚಹಾಗುರು ಸೆನ್ ನೊ ರಿಕ್ಯು (1522–1591) ಕತ್ಸುರಾ ನದಿಯ ಮೀನುಗಾರರ ಬುಟ್ಟಿಯೊಂದನ್ನು ಹೂ ಜೋಡಿಸಲು ಬಳಸಿದನೆಂದು ಆ ಸಂಪ್ರದಾಯ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಸಾಕಾದ ಒಂದನೆಯ ಹಯಕಾವಾ ಶೋಕೋಸಾಯ್ (1815–1897) ತನ್ನ ಬುಟ್ಟಿಗಳ ಮೇಲೆ ಹೆಸರು ಕೆತ್ತಿದ ಮೊದಲಿಗರಲ್ಲಿ ಒಬ್ಬನಾದ. 1967ರಲ್ಲಿ ಬೆಪ್ಪುವಿನ ಶೋನೊ ಶೋವುನ್‌ಸಾಯ್ (1904–1974) 'ಜೀವಂತ ರಾಷ್ಟ್ರನಿಧಿ' ಎಂದು ಜನಜನಿತವಾದ ಮನ್ನಣೆಯನ್ನು ಬಿದಿರು ಕಲೆಯಲ್ಲಿ ಪಡೆದ ಮೊದಲಿಗನಾದ. 2017–18ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವೂ, 2018–19ರಲ್ಲಿ ಪ್ಯಾರಿಸ್ಸಿನ ಕೆ ಬ್ರಾನ್ಲಿ ಸಂಗ್ರಹಾಲಯವೂ ಜಪಾನಿನ ಬಿದಿರು ಕಲೆಯ ದೊಡ್ಡ ಪ್ರದರ್ಶನಗಳನ್ನು ನಡೆಸಿದವು. ಅವುಗಳ ಕೇಂದ್ರದಲ್ಲಿದ್ದವು ಹೂಬುಟ್ಟಿಗಳು ಮತ್ತು ಶಿಲ್ಪರೂಪದ ಕೃತಿಗಳು.

ಈ ನೋಟಗಳ ವಿಮರ್ಶೆ

ಮೂರೂ ನೋಟಗಳಿಂದ ಲಾಭವಾಗಿದೆ ಎಂಬುದನ್ನು ಮೊದಲು ಒಪ್ಪಬೇಕು. ಯಾನಗಿ ಇಲ್ಲದಿದ್ದರೆ ರೈತನ ಬುಟ್ಟಿಯನ್ನು ಗಾಜಿನ ಕಪಾಟಿನಲ್ಲಿಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಶಿಬುಸಾವಾ ಇಲ್ಲದಿದ್ದರೆ ಅಂದವಿಲ್ಲದ, ಆದರೆ ಅಗತ್ಯವಾದ ಸಾವಿರಾರು ವಸ್ತುಗಳು ಕಸವಾಗುತ್ತಿದ್ದವು. ಕಲಾಲೋಕದ ಮನ್ನಣೆ ಇಲ್ಲದಿದ್ದರೆ ಬೆಪ್ಪುವಿನಂಥ ಕಡೆ ತರಬೇತಿಗೆ ಯುವಜನರು ಬರುವುದು ಕಷ್ಟವಾಗುತ್ತಿತ್ತು. ಆದರೆ ಪ್ರತಿಯೊಂದು ನೋಟವೂ ಬುಟ್ಟಿಯಿಂದ ಏನನ್ನೋ ಹೊರತೆಗೆದಿದೆ.

ರಿಕ್ಯುವಿನ ಪ್ರಸಂಗವನ್ನು ರಸಿಕತೆಯ ಉದಾಹರಣೆಯಾಗಿ ಹೇಳುವುದು ವಾಡಿಕೆ. ಜಾನಪದದ ಕಡೆಯಿಂದ ನೋಡಿದರೆ ಅಲ್ಲಿ ನಡೆದದ್ದು ಬುಟ್ಟಿಯಿಂದ ಮೀನನ್ನು ಹೊರಹಾಕುವ ಕೆಲಸ. ಆ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿ ನೀರಿಗಿಳಿದವನ ಹೆಸರು ನಮಗೆ ತಿಳಿಯದು. ಅದನ್ನು ಆಯ್ದವನ ಹೆಸರು ನಾಲ್ಕು ಶತಮಾನ ಉಳಿಯಿತು. ಅನಂತರದ ಕಲಾ ಇತಿಹಾಸದಲ್ಲಿ ಆಹಾರದ ಬುಟ್ಟಿಗೆ ಪ್ರವೇಶ ದೊರೆತದ್ದು ಅದು ಆಹಾರವನ್ನು ಬಿಟ್ಟುಕೊಟ್ಟ ಬಳಿಕವೇ.

ಯಾನಗಿಯ ವಾದದ ತೊಡಕು ಇನ್ನೂ ಆಳವಾದುದು. ಹೆಸರಿಲ್ಲದಿರುವುದನ್ನು ಆತ ಆಧ್ಯಾತ್ಮಿಕ ಗುಣವಾಗಿ ಕಂಡ. ಆದರೆ ಹಳ್ಳಿಯಲ್ಲಿ ಬುಟ್ಟಿ ಹೆಣೆಯುವವನು ಯಾರಿಗೆ ಅಜ್ಞಾತ? ಅವನ ಬುಟ್ಟಿ ಕೊಂಡ ನೆರೆಯವರಿಗೆ ಅವನ ಹೆಸರು, ಅವನ ತಂದೆಯ ಹೆಸರು, ಅವನ ಹೆಣಿಗೆ ಎಷ್ಟು ವರ್ಷ ಬಾಳಿಕೆ ಬರುತ್ತದೆಂಬುದು ಎಲ್ಲವೂ ಗೊತ್ತಿರುತ್ತದೆ. ಅವನು ಅಜ್ಞಾತನಾದದ್ದು ನಗರದಿಂದ ಬಂದ ಸಂಗ್ರಾಹಕನಿಗೆ. ಕೇಳದೆ ಬಿಟ್ಟ ಹೆಸರನ್ನು ಇಲ್ಲದ ಹೆಸರೆಂದು ಬಗೆದದ್ದು ಸಂಗ್ರಾಹಕನ ದೋಷ. ಅದನ್ನು ಕುಶಲಕರ್ಮಿಯ ಗುಣವೆಂದು ಸಿದ್ಧಾಂತೀಕರಿಸಿದ್ದು ಇನ್ನೂ ದೊಡ್ಡ ದೋಷ.

ಇನ್ನು ಕೆಲವೆಡೆ ಹೆಸರಿಲ್ಲದಿರುವುದಕ್ಕೆ ವಿನಯ ಕಾರಣವೇ ಅಲ್ಲ. ಓಕಿಯುರಾ ಕಜುತೆರು (1927–2015) ತನ್ನ 'ತಾಕೆ ನೊ ಮಿಂಜೊಕುಶಿ' (1991) ಎಂಬ ಬಿದಿರಿನ ಜಾನಪದವನ್ನು ಕುರಿತ ಗ್ರಂಥದಲ್ಲಿ ಬಿದಿರು ಕಸುಬಿಗೂ ಸಾಮಾಜಿಕ ತಾರತಮ್ಯಕ್ಕೂ ಇರುವ ಸಂಬಂಧವನ್ನು ಶೋಧಿಸಿದ್ದಾನೆ. ಊರೂರು ತಿರುಗಿ ಮೊರ, ಬುಟ್ಟಿಗಳನ್ನು ಮಾಡಿ, ದುರಸ್ತಿ ಮಾಡಿ ಬದುಕಿದವರನ್ನು ನೆಲೆನಿಂತ ರೈತ ಸಮಾಜ ಕೀಳಾಗಿ ಕಂಡಿತು. 1871ರ ಸರ್ಕಾರಿ ಆಜ್ಞೆ ಹೀನ ಅಂತಸ್ತುಗಳನ್ನು ಕಾನೂನಿನಲ್ಲಿ ರದ್ದುಪಡಿಸಿದರೂ ತಾರತಮ್ಯ ನಿಲ್ಲಲಿಲ್ಲ. ಹಾಗಿರುವಾಗ ಬುಟ್ಟಿಯ ಮೇಲೆ ಹೆಸರಿಲ್ಲದಿರುವುದನ್ನು ಅಹಂಕಾರದ ತ್ಯಾಗವೆಂದು ಓದುವುದು ಸಾಧುವೆ? ಹೆಸರು ಹೇಳಿಕೊಂಡರೆ ಊರು, ಕುಲಗಳು ಬಯಲಾಗುವ ಸಮಾಜದಲ್ಲಿ ಮೌನಕ್ಕೆ ಬೇರೆ ಅರ್ಥವಿದೆ. ಬಿದಿರು ಕಸುಬು ಎಲ್ಲೆಡೆಯೂ ಕಳಂಕಿತವಾಗಿತ್ತೆಂದು ಇದರ ಅರ್ಥವಲ್ಲ. ತೊರಿಗೊಯೆಯಲ್ಲಿ ಅದು ರೈತರ ಚಳಿಗಾಲದ ಕಸುಬು. ಒಂಬತ್ತನೆಯ ಶತಮಾನದ ಬೌದ್ಧ ಭಿಕ್ಷು ಎನ್ನಿನ್ (794–864) ಈ ವಿದ್ಯೆಯನ್ನು ಊರಿಗೆ ಕಲಿಸಿದನೆಂಬ ಐತಿಹ್ಯವೂ ಅಲ್ಲಿದೆ. ಈ ಐತಿಹ್ಯವನ್ನು ಚರಿತ್ರೆಯಾಗಿ ಓದಬೇಕಾಗಿಲ್ಲ. ತನ್ನ ಕಸುಬಿಗೆ ಪವಿತ್ರವಾದ ಮೂಲವೊಂದನ್ನು ಸಮುದಾಯ ತಾನೇ ಕಟ್ಟಿಕೊಂಡು ಘನತೆಯನ್ನು ಸ್ಥಾಪಿಸಿದ ಬಗೆಯಾಗಿ ಓದಬೇಕು. ಯಾನಗಿಯ 'ಅಜ್ಞಾತ ಕುಶಲಕರ್ಮಿ' ಎಂಬ ಏಕರೂಪದ ಕಲ್ಪನೆ ಈ ಭಿನ್ನತೆಗಳನ್ನೆಲ್ಲ ಅಳಿಸಿಹಾಕುತ್ತದೆ.

ಜಾನಪದ ವಿದ್ವಾಂಸರ ನೋಟವೂ ದೋಷಮುಕ್ತವಲ್ಲ. ವರ್ಗೀಕರಣದಲ್ಲಿ ಬುಟ್ಟಿಗೆ ಆಕಾರ, ಅಳತೆ, ಸ್ಥಳ ಸಿಕ್ಕವು. ಆದರೆ ಅದನ್ನು ಹೊತ್ತವರು ಯಾರು, ಅದರಲ್ಲಿ ಹೋದ ಬುತ್ತಿ ಯಾರಿಗಾಗಿ ಕಟ್ಟಿದ್ದು, ಎಷ್ಟು ಬಾರಿ ಅಂಚು ಕಟ್ಟಿಸಿದರು ಎಂಬ ಬದುಕಿನ ವಿವರಗಳಿಗೆ ವರ್ಗೀಕರಣದ ಪಟ್ಟಿಯಲ್ಲಿ ಅಂಕಣವಿಲ್ಲ. ಬುತ್ತಿಯ ಬುಟ್ಟಿಯ ವಿಷಯದಲ್ಲಿ ಈ ಕೊರತೆ ಸಣ್ಣದಲ್ಲ. ಆ ಬುಟ್ಟಿ ಬದುಕಿದ್ದು ಅಡುಗೆಮನೆಗೂ ಹೊಲಕ್ಕೂ ನಡುವಿನ ದಾರಿಯಲ್ಲಿ.

ಅಳಿವು ಮತ್ತು ಉಳಿವು

ಆಹಾರಬುಟ್ಟಿಗಳು ಹಿಂದೆ ಸರಿದದ್ದಕ್ಕೆ ಅನೇಕ ಕಾರಣಗಳಿವೆ. ಬುತ್ತಿಗೆ ಅಲ್ಯೂಮಿನಿಯಂ ಡಬ್ಬಿ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಮೊದಲೇ. ಯುದ್ಧಾನಂತರ ಪ್ಲಾಸ್ಟಿಕ್ ಬುಟ್ಟಿ, ಜರಡಿಗಳು ಅಡುಗೆಮನೆಯನ್ನು ಆಕ್ರಮಿಸಿದವು. ಅನ್ನ ಕಾಪಿಡಲು ವಿದ್ಯುತ್ ಉಪಕರಣ ಬಂದ ಮೇಲೆ ಮೆಶಿಕಾಗೊಗೆ ಕೆಲಸವಿಲ್ಲದಾಯಿತು. ಅದೇ ಕಾಲಕ್ಕೆ, 1960ರ ದಶಕದಿಂದ, ದೇಶದ ಬಹುಭಾಗದಲ್ಲಿ ಮದಾಕೆ ಬಿದಿರು ಸಾಮೂಹಿಕವಾಗಿ ಹೂಬಿಟ್ಟು ಒಣಗಿತು. ಈ ಬಿದಿರು ಹೂಬಿಡುವ ಆವರ್ತ ಸುಮಾರು 120 ವರ್ಷಗಳದೆಂದು ಹೇಳಲಾಗುತ್ತದೆ. ಕಚ್ಚಾವಸ್ತು ಇಲ್ಲದ ವರ್ಷಗಳಲ್ಲಿ ಗ್ರಾಹಕರು ಪ್ಲಾಸ್ಟಿಕ್ಕಿಗೆ ಹೊರಳಿದರು. ಬಿದಿರು ಮರಳಿ ಚಿಗುರಿದಾಗ ಹಳೆಯ ಗ್ರಾಹಕರು ಮರಳಲಿಲ್ಲ. 2010ರ ದಶಕದ ಉತ್ತರಾರ್ಧದಿಂದ ಸುಜುತಾಕೆಯೂ ಹಲವು ಪ್ರದೇಶಗಳಲ್ಲಿ ಹೂಬಿಟ್ಟು ಒಣಗಿದ್ದು, ತೊರಿಗೊಯೆಯಂಥ ಊರುಗಳ ಕಸುಬಿಗೆ ಪೆಟ್ಟು ನೀಡಿದೆ. ಬಿದಿರಕ್ಕಿ ಬಿಟ್ಟರೆ ಬರ ಬರುತ್ತದೆಂಬ ನಂಬಿಕೆ ನಮ್ಮ ಮಲೆನಾಡಿಗೂ ಪರಿಚಿತವಾದುದೇ. ಬುಟ್ಟಿ ಹೆಣೆಯುವವನ ಪಾಲಿಗಂತೂ ಅದು ಅಕ್ಷರಶಃ ನಿಜ.

ಜಪಾನ್ ಸರ್ಕಾರ 1974ರಲ್ಲಿ ಪಾರಂಪರಿಕ ಕರಕೌಶಲ ಉದ್ಯಮಗಳ ಉತ್ತೇಜನಕ್ಕೆ ಕಾನೂನು ತಂದಿತು. ವಸ್ತು ಮುಖ್ಯವಾಗಿ ದೈನಂದಿನ ಬಳಕೆಯದಾಗಿರಬೇಕು, ಮುಖ್ಯ ಹಂತಗಳು ಕೈಕೆಲಸದವಾಗಿರಬೇಕು, ತಂತ್ರ ಮತ್ತು ಕಚ್ಚಾವಸ್ತು ಪಾರಂಪರಿಕವಾಗಿರಬೇಕು, ಒಂದು ಪ್ರದೇಶದಲ್ಲಿ ಸಾಕಷ್ಟು ಮಂದಿ ಅದರಲ್ಲಿ ತೊಡಗಿರಬೇಕು ಎಂಬುವು ಅದರ ನಿಬಂಧನೆಗಳು. ಬೆಪ್ಪುವಿನ ಬಿದಿರು ಕಸುಬು 1979ರಲ್ಲಿ ಈ ಪಟ್ಟಿಗೆ ಸೇರಿತು. ಬಿಸಿನೀರ ಬುಗ್ಗೆಗಳಿಗೆ ಚಿಕಿತ್ಸೆಗೆಂದು ಬಂದು ತಂಗುತ್ತಿದ್ದವರು ಅಡುಗೆಗೆ ಬುಟ್ಟಿ, ಜರಡಿ ಕೊಂಡು, ಹೋಗುವಾಗ ಊರಿಗೂ ಒಯ್ಯುತ್ತಿದ್ದರಿಂದ ಬೆಳೆದ ಕಸುಬದು. ದೈನಂದಿನ ಬಳಕೆ ಎಂಬ ಮೊದಲ ನಿಬಂಧನೆ ಸರಿಯಾದುದೇ. ಆದರೆ ಕೈಹೆಣಿಗೆಯ ಬುಟ್ಟಿಯ ಬೆಲೆ ದೈನಂದಿನ ಬಳಕೆದಾರನ ಕೈಮೀರಿದಾಗ ಆ ನಿಬಂಧನೆ ಯಾರ ದಿನಚರಿಯನ್ನು ಕುರಿತದ್ದೆಂಬ ಪ್ರಶ್ನೆ ಏಳುತ್ತದೆ. ಅಗ್ಗವಾಗಿರುವುದೇ ಸೌಂದರ್ಯದ ಒಂದು ಲಕ್ಷಣವೆಂದ ಯಾನಗಿಯ ಮಾತು ಹೆಣೆಯುವವನ ಕೂಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಂದು ಅವನಿಗೆ ನ್ಯಾಯವಾದ ಕೂಲಿ ದೊರೆತರೆ ಬುಟ್ಟಿ ಅಗ್ಗವಾಗಿರದು. ಬುಟ್ಟಿ ಅಗ್ಗವಾಗಿದ್ದರೆ ಅವನ ಮಕ್ಕಳು ಕಸುಬಿನಲ್ಲಿ ಉಳಿಯರು. ಮಿಂಗೇಯ್ ಸಿದ್ಧಾಂತ ಉತ್ತರಿಸದೆ ಬಿಟ್ಟ ಪ್ರಶ್ನೆ ಇದು.

ಸಮಾರೋಪ

ಈ ಚರ್ಚೆ ಕನ್ನಡ ಜಾನಪದ ಅಧ್ಯಯನಕ್ಕೆ ಹೊರಗಿನದಲ್ಲ. ಜಾನಪದವನ್ನು ನಿರ್ವಚಿಸುವಾಗ 'ಅನಾಮಿಕ ಕರ್ತೃತ್ವ'ವನ್ನು ಅದರ ಮುಖ್ಯ ಲಕ್ಷಣವೆಂದು ನಾವೂ ಪಾಠ ಹೇಳುತ್ತ ಬಂದಿದ್ದೇವೆ. ಹಾಡಿನ ವಿಷಯದಲ್ಲಿ ಅದಕ್ಕೆ ಸಮರ್ಥನೆ ಇರಬಹುದು, ಹಾಡು ಬಾಯಿಂದ ಬಾಯಿಗೆ ಬೆಳೆಯುತ್ತದೆ. ಬುಟ್ಟಿಯನ್ನು ಮಾತ್ರ ಒಬ್ಬರೇ ಕೂತು ಹೆಣೆದಿರುತ್ತಾರೆ. ಮೇದರು, ಕೊರಮರು ಹೆಣೆದ ಮಂಕರಿ, ಕುಕ್ಕೆ, ಸಿಬ್ಬಲುಗಳನ್ನು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ನಮ್ಮಲ್ಲಿ ಎಷ್ಟು ಮಂದಿ ಹೆಣೆದವರ ಹೆಸರನ್ನು ಚೀಟಿಯಲ್ಲಿ ಬರೆದಿದ್ದೇವೆ? ಸಮುದಾಯದ ಹೆಸರು ಬರೆದು ಕೈಬಿಟ್ಟಿದ್ದೇವೆ. ಈ ಲೇಖಕನ ಹಳೆಯ ಟಿಪ್ಪಣಿಪುಸ್ತಕಗಳೂ ಇದಕ್ಕೆ ಹೊರತಲ್ಲ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಹೆಸರಿನಲ್ಲಿಯೇ ಕಸುಬು ಸೇರಿಕೊಂಡು ಗೌರವ ಪಡೆದ ನಾಡಿನಲ್ಲಿ ಈ ಮರೆವು ಇನ್ನೂ ಅಕ್ಷಮ್ಯ.

ಆದ್ದರಿಂದ ಇಂಥ ವಸ್ತುಗಳ ದಾಖಲೆಯಲ್ಲಿ ಅಳತೆ, ಆಕಾರಗಳ ಜತೆಗೆ ಐದು ವಿವರಗಳು ಕಡ್ಡಾಯವಾಗಬೇಕು: ಹೆಣೆದವರ ಹೆಸರು, ಅವರು ಹೇಳಲು ಒಪ್ಪಿದರೆ ಮಾತ್ರ, ಅದರಲ್ಲಿ ಒಯ್ದ ಆಹಾರ, ಹೊತ್ತವರು ಮತ್ತು ಹೊತ್ತ ದಾರಿ, ಕೊಟ್ಟ ಬೆಲೆ ಅಥವಾ ಧಾನ್ಯ, ದುರಸ್ತಿಯ ಚರಿತ್ರೆ. ಒಪ್ಪಿಗೆಯ ಮಾತನ್ನು ಓಕಿಯುರಾನ ಶೋಧನೆ ನಮಗೆ ಕಲಿಸುತ್ತದೆ. ಹೆಸರು ಬರೆಯುವುದು ಗೌರವವಾಗುವಂತೆ, ಕೆಲವೊಮ್ಮೆ ಗಾಯವೂ ಆಗಬಲ್ಲದು. ಅದನ್ನು ತೀರ್ಮಾನಿಸುವ ಅಧಿಕಾರ ಹೆಣೆದವರದೇ ಹೊರತು ಸಂಗ್ರಾಹಕನದಲ್ಲ.

ಜಪಾನಿನ ವಿದ್ವಾಂಸರು ಬುಟ್ಟಿಯನ್ನು ನೋಡಲು ಜಗತ್ತಿಗೆ ಕಲಿಸಿದರು. ಬುಟ್ಟಿಯೊಳಗಿನ ಬುತ್ತಿಯನ್ನೂ ಅದನ್ನು ಹೆಣೆದ ಕೈಯನ್ನೂ ಒಟ್ಟಿಗೆ ನೋಡುವ ಕೆಲಸ ಅಲ್ಲಿಯೂ ಇಲ್ಲಿಯೂ ಬಾಕಿ ಉಳಿದಿದೆ. ಹೆಣೆಯುವವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಕೈಗೊಳ್ಳುವುದು ಅಗತ್ಯ.